ಹಂಚಿಕೊಂಡ ಗುಳಿಗೆ

ನಿನ್ನೆ ಬೆಳಗ್ಗೆ ನನಗೆ ಮೊಮ್ಮಗಳು ಹುಟ್ಟಿದಳು. ತಿಂಗಳು ತುಂಬಿ ಹುಟ್ಟಿದ್ದಾಳೆ, ಗುಂಡಗಿದ್ದಾಳೆ, ತಾಯಿಯೂ ಆರಾಮಾಗಿದ್ದಾಳೆ. ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಬರೆಯಲು ಕೂತರೂ ಎರಡು ಸಾಲಿಗೊಮ್ಮೆ ಎದ್ದು ಹೋಗಿ ಕೂಸಿನ ಮುಖ ನೋಡಿ ಬರುತ್ತೇನೆ. ಅಂಜಿಕೆ ಇನ್ನೂ ಪೂರ್ತಿ ಹೋಗಿಲ್ಲ.

ಮಗಳನ್ನು ಕೊಟ್ಟಿರುವುದು ಕಲಬುರಗಿಯ ಕುಸನೂರಿಗೆ. ಏಳು ತಿಂಗಳು ತುಂಬಿದ ಮೇಲೆ ಚೊಚ್ಚಲ ಹೆರಿಗೆಗೆಂದು ನಮ್ಮೂರು ಕಮಲಾಪುರಕ್ಕೆ ಕರೆತಂದೆವು. ಬಂದ ವಾರದಲ್ಲೇ ಚಳಿಜ್ವರ, ಸೊಂಟನೋವು. ಮೂತ್ರಕ್ಕೆ ಹೋದರೆ ಉರಿಯುತ್ತದೆ ಎಂದು ತಾಯಿಯ ಮುಂದೆ ಮಾತ್ರ ಹೇಳಿದ್ದಳಂತೆ. ಮೈಗೆ ಕಾವಾಗಿರಬೇಕೆಂದು ನನ್ನ ಹೆಂಡತಿ ಕೊತ್ತಂಬರಿ ಬೀಜದ ನೀರು ಕುಡಿಸಿದ್ದಳು. ಹೊಟ್ಟೆ ಬಿಗಿಯತೊಡಗಿದಾಗ ಗಾಡಿ ಮಾಡಿಕೊಂಡು ಕಲಬುರಗಿಗೆ ಓಡಿದೆವು. ದಾರಿಯಲ್ಲಿ ಮಹಾಗಾಂವ ದಾಟುವಾಗ ಅವಳು ನನ್ನ ಕೈ ಹಿಡಿದ ಬಿಗಿ ಇನ್ನೂ ನೆನಪಿದೆ.

ಮೂತ್ರದ ಸೋಂಕು ಕಿಡ್ನಿಗೆ ಏರಿದೆ, ಈಗಲೇ ಹೆರಿಗೆಯಾದರೆ ಕೂಸಿಗೆ ಕಷ್ಟ ಎಂದರು ಡಾಕ್ಟರಮ್ಮ. ಮೂತ್ರವನ್ನು ಪರೀಕ್ಷೆಗೆ ಕಳಿಸಿ ಸೂಜಿ ಶುರು ಮಾಡಿದರು. ಜ್ವರ ಇಳಿಯಲೇ ಇಲ್ಲ. ಚಹಾ ಕುಡಿಯಲೆಂದು ಜಗತ್ ಸರ್ಕಲ್‌ವರೆಗೆ ಹೋಗುತ್ತಿದ್ದೆ, ಕುಡಿಯದೆಯೇ ತಿರುಗಿ ಬರುತ್ತಿದ್ದೆ. ಕೊನೆಗೆ ಪರೀಕ್ಷೆಯ ರಿಪೋರ್ಟ್ ಬಂತು. ಸಾಮಾನ್ಯವಾಗಿ ಕೊಡುವ ಗುಳಿಗೆಗಳಿಗೂ, ಆಗ ಹಾಕುತ್ತಿದ್ದ ಸೂಜಿಗೂ, ಈ ಕ್ರಿಮಿ ಜಗ್ಗುವುದಿಲ್ಲವೆಂದು ಅದರಲ್ಲಿತ್ತು. ಮೊದಲು ಏನಾದರೂ ತಗೊಂಡಿದ್ದಳೇ ಎಂದು ಡಾಕ್ಟರಮ್ಮ ಕೇಳಿದರು.

ಕುಸನೂರಿನಿಂದ ಬಂದು ಮಗಳ ಪಕ್ಕದಲ್ಲಿ ನಿಂತಿದ್ದ ಅವಳ ನೆಗೆಣ್ಣಿ, ಅಂದರೆ ಅಳಿಯನ ಅಣ್ಣನ ಹೆಂಡತಿ, ಸೆರಗು ಹಿಂಡುತ್ತ ಹೇಳಿದಳು: "ನಾನೇ ಕೊಟ್ಟೀನ್ರಿ. ನನಗ ಉರಿ ಇದ್ದಾಗ ಮೆಡಿಕಲ್‌ದಾಗ ಕೇಳಿ ತಂದಿದ್ದೆ, ಆಕಿಗೂ ಉರಿ ಇತ್ತಂತ ಅರ್ಧ ಆಕಿಗಿ ಕೊಟ್ಟೆ. ಇಬ್ಬರಿಗೂ ಕಮ್ಮಿ ಆಯ್ತು, ಬಿಟ್ಟೇವಿ. ಮತ್ತ ಉರಿ ಬಂತು, ಮತ್ತ ಹಂಗೇ ಮಾಡಿದೇವಿ."

ಆ ಮನೆಯ ರೀತಿಯೇ ಹಾಗೆ. ಮೊಳ ಮಲ್ಲಿಗೆ ತಂದರೂ ಈ ಇಬ್ಬರು ಅರ್ಧರ್ಧ ಮುಡಿಯುತ್ತಾರೆ. ಅದನ್ನು ನೋಡಿಯೇ ನಾವು ಮಗಳನ್ನು ಕೊಟ್ಟದ್ದು. ಅರ್ಧಕ್ಕೆ ನಿಲ್ಲಿಸಿದರೆ ಸಾಯದೆ ಉಳಿದ ಗಟ್ಟಿ ಕ್ರಿಮಿಗಳೇ ಹೆಚ್ಚುತ್ತವೆ, ಆಮೇಲೆ ಆ ಔಷಧ ನಾಟುವುದಿಲ್ಲ ಎಂದು ಡಾಕ್ಟರಮ್ಮ ತಿಳಿಸಿದರು. ಬೈಯಲಿಲ್ಲ. "ಗುಳಿಗಿ ಮಾತ್ರ ಹಂಚ್ಕೋಬ್ಯಾಡ್ರಿ, ಕೋರ್ಸ್ ಪೂರಾ ಮಾಡ್ರಿ" ಎಂದರು.

ಬೇರೆ ಸೂಜಿ ಹಾಕಿದ ಮೇಲೆ ಜ್ವರ ಬಿಟ್ಟಿತು, ಹೊಟ್ಟೆ ಸಡಿಲಾಯಿತು. ಆರಾಮಾದರೂ ಸೂಜಿ ನಿಲ್ಲಿಸದೆ ಪೂರ್ತಿ ಹಾಕಿಸಿದೆವು, ಮೂತ್ರವನ್ನು ಮತ್ತೆ ಪರೀಕ್ಷೆ ಮಾಡಿಸಿದೆವು. ಆದರೂ ಮಗಳು ಬಚ್ಚಲಿಗೆ ಹೋದಾಗಲೆಲ್ಲ ನಾನು ಹೆಂಡತಿಯ ಮುಖ ನೋಡುತ್ತಿದ್ದೆ. ಉರಿ ಇಲ್ಲವಂತೆ ಎಂದು ಅವಳು ತಲೆಯಾಡಿಸುವವರೆಗೆ ತುತ್ತು ಇಳಿಯುತ್ತಿರಲಿಲ್ಲ.

ನಿನ್ನೆ ಸಂಜೆ ಎರಡೂ ಮನೆಯವರು ಆಸ್ಪತ್ರೆಯ ಕೋಣೆಯಲ್ಲಿ ಬುತ್ತಿ ಬಿಚ್ಚಿದೆವು. ರೊಟ್ಟಿ, ಪುಂಡಿಪಲ್ಯ, ಬಾಣಂತಿಗೆ ಬಿಸಿ ಅನ್ನ, ತುಪ್ಪ. ನೆಗೆಣ್ಣಿ ನಮ್ಮೂರಿನ ಕೆಂಪು ಬಾಳೆಹಣ್ಣು ಸುಲಿದು, ರೂಢಿಯಂತೆ ಮುರಿದು ಮಗಳಿಗೆ ಅರ್ಧ ನೀಡಿದಳು.

"ಇದರದೂ ಕೋರ್ಸ್ ಪೂರಾ ಮಾಡಬೇಕೇನಕ್ಕಾ?" ಎಂದಳು ಮಗಳು.

ನೆಗೆಣ್ಣಿ ನಗುತ್ತಲೇ ಕಣ್ಣೊರೆಸಿಕೊಂಡು ಉಳಿದರ್ಧವನ್ನೂ ಅವಳ ತಟ್ಟೆಗೆ ಹಾಕಿದಳು. ಮಗಳು ಅದನ್ನು ತಿರುಗಿ ಅವಳ ಬಾಯಿಗೇ ಇಟ್ಟಳು. ನಾನು ಇನ್ನೊಂದು ರೊಟ್ಟಿ ಕೇಳಿದೆ.