ಬಿಲ್ಲೆಯ ತೂತಿಗೆ ಬೆರಳಿಟ್ಟವರು

ನಮ್ಮ ಸ್ಟೇಷನ್ನಿನ ಚರಿತ್ರೆ ಬರೆಯುವುದಾದರೆ ಕಟ್ಟಡಕ್ಕಿಂತ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ದೊಡ್ಡಪ್ಪನ ಬಗ್ಗೆ ಬರೆಯುವುದೇ ಲೇಸು. ಕಲ್ಲಿದ್ದಲ ಇಂಜಿನ್ನುಗಳ ಕಾಲದಲ್ಲಿ ಬೂದಿ ಬಾಚಲು ಸೇರಿದವರು. ಇಂಜಿನ್ ಷೆಡ್ಡು ಮುಚ್ಚಿತು, ಗೋದಾಮಿನ ಸೂರು ಕುಸಿಯಿತು, ಟೀ ಅಂಗಡಿಯವನೂ ಗಂಟುಮೂಟೆ ಕಟ್ಟಿದ. ದೊಡ್ಡಪ್ಪ ಮಾತ್ರ ಬಾವುಟ ಹಿಡಿದು ನಿಂತೇ ಇದ್ದರು. ನಾನೋ, ಸಂಬಳದ ದಿನ ಬಿಟ್ಟರೆ ಯಾವ ದಿನವೂ ಹೊತ್ತಿಗೆ ಸರಿಯಾಗಿ ಬಾರದ ಸಹಾಯಕ ಸ್ಟೇಷನ್ ಮಾಸ್ತರ.

ನಮ್ಮದು ಒಂಟಿ ಹಳಿ; ಗಾಡಿಗಳು ಒಂದನ್ನೊಂದು ದಾಟಲು ಸ್ಟೇಷನ್ನಿನೊಳಗೆ ಮಾತ್ರ ಎರಡು. ಮುಂದಿನ ಸ್ಟೇಷನ್ನಿನವರೆಗೆ ಹಳಿ ಖಾಲಿ ಇದ್ದರೆ ಮಾತ್ರ ಯಂತ್ರದಿಂದ ಲೋಹದ ಬಿಲ್ಲೆ ಹೊರಬರುತ್ತದೆ; ಅದು ಕೈಸೇರದೆ ಡ್ರೈವರ್ ಹೊರಡುವಂತಿಲ್ಲ. ಪೂರ್ವದ ಹಳಿಯ ಬಿಲ್ಲೆಗೆ ದುಂಡು ತೂತು, ಪಶ್ಚಿಮದ್ದಕ್ಕೆ ಚೌಕ. ದೊಡ್ಡಪ್ಪ ಪ್ರತಿ ಸಲವೂ ಚರ್ಮದ ಚೀಲದಿಂದ ಬಿಲ್ಲೆ ತೆಗೆದು ತೂತಿಗೆ ಬೆರಳು ತೂರಿಸುತ್ತಿದ್ದರು.

"ಏನ್ ದೊಡ್ಡಪ್ಪ, ಉಂಗುರದ ಅಳತೆನಾ?" ಎಂದು ಕಿಚಾಯಿಸುತ್ತಿದ್ದೆ.

"ಹೂಂ ಕಣಪ್ಪ, ನಿನ್ನನ್ನ ಒಪ್ಪೋ ಹುಡುಗಿ ಸಿಕ್ಕಿದ್ರೆ ಬೇಕಾಗುತ್ತಲ್ಲ."

ಆ ಮಧ್ಯಾಹ್ನ ತನಿಖೆಗೆ ಇನ್‌ಸ್ಪೆಕ್ಟರ್ ಬಂದಿದ್ದರು. ಪೂರ್ವದಿಂದ ಬಂದ ಪ್ಯಾಸೆಂಜರ್ ಗಾಡಿಯ ಡ್ರೈವರ್ ತನ್ನ ಬಿಲ್ಲೆ ಕೊಟ್ಟ. ಅದನ್ನು ಯಂತ್ರಕ್ಕೆ ಹಾಕಿ ಪಶ್ಚಿಮದ್ದು ತೆಗೆಯಬೇಕಿತ್ತು. ಇನ್‌ಸ್ಪೆಕ್ಟರ್ ಕೇಳಿದ ಪ್ರಶ್ನೆಗಳಿಗೆ ತಡವರಿಸುತ್ತಾ, ಕೈಯಲ್ಲಿದ್ದುದನ್ನೇ ಚೀಲಕ್ಕೆ ತುರುಕಿ ದೊಡ್ಡಪ್ಪನಿಗೆ ಕೊಟ್ಟೆ.

ಡ್ರೈವರ್ ಸೀಟಿ ಹಾಕಿ ಕೈ ಚಾಚಿದ. ದೊಡ್ಡಪ್ಪ ಚೀಲ ಕೊಡಲಿಲ್ಲ. ಕೆಂಪು ಬಾವುಟ ಎತ್ತಿದರು.

"ಏನ್ರೀ ಇದು? ಗಾಡಿ ತಡ ಆಗ್ತಿದೆ, ಕೊಡ್ರೀ!" ಇನ್‌ಸ್ಪೆಕ್ಟರ್ ಕೂಗಿದರು.

"ಕೊಡಲ್ಲ ಸಾಹೇಬ್ರೇ."

"ಇವತ್ತೇ ಸಸ್ಪೆಂಡ್ ಮಾಡಿಸ್ತೀನಿ!"

ದೊಡ್ಡಪ್ಪ ಕಾರಣ ಹೇಳದೆ ನನ್ನನ್ನೇ ನೋಡಿದರು. ಅವರ ಬೆರಳು ಬಿಲ್ಲೆಯ ತೂತಿನಲ್ಲಿ ಸಲೀಸಾಗಿ ಸುತ್ತುತ್ತಿತ್ತು. ದುಂಡು ತೂತು, ಪೂರ್ವದ ಬಿಲ್ಲೆ! ಓಡಿಹೋಗಿ ಪಶ್ಚಿಮದ ಬಿಲ್ಲೆಗೆ ಗುಂಡಿ ಒತ್ತಿದೆ, ಯಂತ್ರ ಮಿಸುಕಲಿಲ್ಲ. ಪಶ್ಚಿಮದ ಸ್ಟೇಷನ್ನಿಗೆ ಫೋನ್ ಮಾಡಿದೆ.

"ಗೂಡ್ಸ್ ಗಾಡಿ ಬಿಟ್ಟು ಹತ್ತು ನಿಮಿಷ ಆಯ್ತಲ್ಲ ಮಾರಾಯ. ನೀನೇ ಒಪ್ಪಿಗೆ ಕೊಟ್ಟಿದ್ದಿ!"

ಹೌದು. ಒಪ್ಪಿಗೆ ಕೊಟ್ಟವನೂ ನಾನೇ, ಮರೆತವನೂ ನಾನೇ.

ಹೊರಗೆ ಇನ್‌ಸ್ಪೆಕ್ಟರ್ ಇನ್ನೂ ದೊಡ್ಡಪ್ಪನ ಮೇಲೆ ಹರಿಹಾಯುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಬೈಗುಳ ದೊಡ್ಡಪ್ಪನ ಪಾಲಿಗೇ ಹೋಗುತ್ತಿತ್ತು; ನಿಜ ಹೇಳಬೇಕೆಂದರೆ, ಅರೆಕ್ಷಣ ಮುಚ್ಚಿಕೊಂಡೇ ಇದ್ದೆ. ಆಮೇಲೆ ಹೊರಗೆ ಹೋಗಿ ಹೇಳಿದೆ: "ಸರ್, ತಪ್ಪು ಬಿಲ್ಲೆ ಕೊಟ್ಟಿದ್ದು ನಾನು. ಎದುರಿಂದ ಗೂಡ್ಸ್ ಬರ್ತಿದೆ."

ಸ್ವಲ್ಪ ಹೊತ್ತಿನಲ್ಲೇ ಗೂಡ್ಸ್ ಗಾಡಿ ನೆಲ ನಡುಗಿಸುತ್ತಾ ಪಕ್ಕದ ಹಳಿಗೆ ಬಂದು ನಿಂತಿತು. ಪ್ಯಾಸೆಂಜರ್ ಗಾಡಿಯ ಕಿಟಕಿಯಲ್ಲಿ ಒಬ್ಬಾಕೆ ಕಿತ್ತಳೆ ಸುಲಿದು ಮಗುವಿನ ಬಾಯಿಗಿಡುತ್ತಿದ್ದಳು.

ಇನ್‌ಸ್ಪೆಕ್ಟರ್ ರಿಜಿಸ್ಟರ್ ನನ್ನತ್ತ ತಳ್ಳಿದರು. 'ತಡವಾದ ಕಾರಣ' ಎಂಬಲ್ಲಿ ನನ್ನ ತಪ್ಪನ್ನು ಬರೆದೆ. ಅಕ್ಷರ ಸೊಟ್ಟಗಾಯಿತು.

ದೊಡ್ಡಪ್ಪ ಬಗ್ಗಿ ನೋಡಿದರು. "ಸೊಟ್ಟಗಿದ್ರೇನು, ಓದೋಕ್ ಬರುತ್ತೆ ಬಿಡು."