ಡಾಕ್ಟರಮ್ಮ ಹಿಡಿಸಿದ ವ್ರತ

ಇವತ್ತು ಹಾಲು ಕಾಯಿಸಿದೆ, ತುಳಸಿಗೆ ನೀರು ಹಾಕಿದೆ, ಹಳೆ ಸೀರೆಗೆ ಅಂಚು ಹೊಲಿದೆ, ಒಂದು ಮೊರ ಅವರೆಕಾಯಿ ಬಿಡಿಸಿದೆ. ಸೊಗಡು ಹತ್ತಿ ಕಪ್ಪಾದ ಹೆಬ್ಬೆರಳಿನ ಉಗುರು ನೋಡಿ ಡಾಕ್ಟರಮ್ಮ ನೆನಪಾದರು. ಅವರ ಉಗುರೂ ಹೀಗೇ ಇರುತ್ತಿತ್ತು.

ರಾಜಾಜಿನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಐವತ್ತರ ದಶಕ. ಹೊಸ ಸೊಸೆ ನಾನು, ಊಟ ಬಿಡುತ್ತಾ ಬಂದಿದ್ದೆ. ಸೋಮವಾರ ಶಿವನಿಗೆ, ಗುರುವಾರ ರಾಯರಿಗೆ, ಶನಿವಾರ ವೆಂಕಟರಮಣನಿಗೆ. ನಿಜವಾಗಿ ತಟ್ಟೆ ಕಂಡರೇ ಭಯ. ವ್ರತವೆಂದರೆ ಯಾರೂ ಕೇಳುತ್ತಿರಲಿಲ್ಲ. ರಾತ್ರಿ ನಿದ್ದೆಯೂ ಬಾರದು. ಅತ್ತೆ ಮಾತ್ರ ಬೀದಿಗೆಲ್ಲ ಹೇಳುತ್ತಿದ್ದರು: "ನಮ್ಮ ಸೊಸೆ ಭಕ್ತಿ ನೋಡ್ರಮ್ಮ, ನಾಲಿಗೆ ಗೆದ್ದುಬಿಟ್ಟಿದಾಳೆ!"

ಒಂದು ದಿನ ನಲ್ಲಿಯ ಬಳಿ ಬಿಂದಿಗೆ ಸಮೇತ ಬಿದ್ದೆ. ಯಜಮಾನರು ಡಾಕ್ಟರಮ್ಮನ ಹತ್ತಿರ ಕರೆದೊಯ್ದರು.

ಪರೀಕ್ಷೆಯೆಲ್ಲ ಮುಗಿಸಿ, "ನಾನು ಔಷಧಿಗಿಂತ ಮಾತು ಜಾಸ್ತಿ ಕೊಡ್ತೀನಿ. ಬುಧವಾರ ಬುಧವಾರ ಬಾಮ್ಮ" ಎಂದರು. ಅವರ ಮನೆಯ ಹಜಾರದಲ್ಲಿ ಮೊರ ಮುಂದಿಟ್ಟುಕೊಂಡು ಇಬ್ಬರೂ ಅವರೆ ಬಿಡಿಸುತ್ತಿದ್ದೆವು. "ಮುಖ ನೋಡ್ಕೊಂಡು ಕೇಳಿದ್ರೆ ಯಾರೂ ನಿಜ ಹೇಳಲ್ಲ" ಎನ್ನುತ್ತಿದ್ದರು.

ಮೂರನೆಯ ವಾರವೂ ಅವರು ಕೊಟ್ಟ ತಿಂಡಿ ನಾನು ಮುಟ್ಟದಿದ್ದಾಗ ಕೇಳಿದರು: "ಬುಧವಾರ ಯಾವ ದೇವರ ಉಪವಾಸವೇ?"

"ಭಯ ಆಗುತ್ತೆ ಡಾಕ್ಟ್ರೇ" ಎಂದು ಅತ್ತುಬಿಟ್ಟೆ.

"ಹಾಗನ್ನು! ಪಾಪ, ದೇವರ ಮೇಲೆ ಯಾಕೆ ಹಾಕಿದ್ದೆ?" ಅಳುತ್ತಲೇ ನಗು ಬಂತು.

ಮುಂದಿನ ವಾರ ಅತ್ತೆಯನ್ನೂ ಕರೆಸಿದರು. ಅತ್ತೆ ಬಂದವರೇ ಸಿಡುಕಿದರು: "ವ್ರತ ಬಿಡಿಸ್ತೀರಂತೆ?"

"ಬಿಡಿಸಲ್ಲಮ್ಮ, ಬೇರೆ ವ್ರತ ಹಿಡಿಸ್ತೀನಿ. ದಿನಾ ಮೂರು ಹೊತ್ತು ಊಟ. ನೀವೂ ಪಕ್ಕದಲ್ಲಿ ಕೂತು ಉಣ್ಣಬೇಕು. ಹೊಗಳಬಾರದು, ಬೈಯಬಾರದು. ತಪ್ಪಿದ್ರೆ ಬುಧವಾರ ಬಂದು ಹೇಳಿದ್ರೆ ಸಾಕು."

"ಸುಮ್ಮನೆ ಕೂರೋದಾ? ಅವಳಿಗಿಂತ ನನಗೇ ಕಷ್ಟದ ವ್ರತ" ಎಂದು ಅತ್ತೆ ಗೊಣಗಿದರು.

ವ್ರತ ಎಷ್ಟೋ ಸಲ ತಪ್ಪಿತು. ಒಂದು ಸಲ ಸುಳ್ಳೂ ಹೇಳಿದೆ. ನಾನೇ ನಿಜ ಹೇಳುವವರೆಗೆ ಡಾಕ್ಟರಮ್ಮ ಕಾಳು ಬಿಡಿಸುತ್ತಲೇ ಇದ್ದರು. ಅವರೆ ಮುಗಿದ ಮೇಲೆ ಹುಣಸೆಹಣ್ಣು ಬಿಡಿಸಿದೆವು. ಮತ್ತೆ ಅವರೆ ಬಂತು, ಹೋಯಿತು, ಇನ್ನೊಮ್ಮೆ ಬಂತು. ಆಗ "ಇನ್ನು ಸಾಕಮ್ಮ, ಬೇಕೆನಿಸಿದಾಗ ಬಾ" ಎಂದರು.

ಡಾಕ್ಟರಮ್ಮ ತೀರಿಕೊಂಡು ಬಹಳ ಕಾಲವಾಯಿತು. ನಾನು ಇವತ್ತಿಗೂ ಆ ವ್ರತ ಬಿಟ್ಟಿಲ್ಲ. ಆದರೂ "ವ್ರತ ಅಂದಮೇಲೆ ಉದ್ಯಾಪನೆ ಆಗಬೇಡವೇ?" ಎಂದು, ಡಾಕ್ಟರಮ್ಮ "ಸಾಕು" ಎಂದ ಆ ವಾರವೇ ಅತ್ತೆ ಅವರನ್ನು ಊಟಕ್ಕೆ ಕರೆದಿದ್ದರು. ಅನ್ನ, ಹಿಸುಕಿದ ಬೇಳೆ ಸಾರು, ಒಬ್ಬಟ್ಟು. ಎರಡನೆಯ ಒಬ್ಬಟ್ಟು ನಾನೇ ಕೇಳಿ ಹಾಕಿಸಿಕೊಂಡೆ. ಹೊಗಳಲು ಅತ್ತೆ ಬಾಯಿ ತೆರೆದರು, ಡಾಕ್ಟರಮ್ಮ ನೋಡಿದರು, ಆ ಬಾಯಿಗೆ ಒಂದು ತುತ್ತು ಹೋಯಿತು. ಉಂಡು ಮೂವರೂ ಚಾಪೆ ಮೇಲೆ ಒರಗಿದೆವು. ಮೊದಲು ನಿದ್ದೆ ಹೋದವಳು ನಾನಂತೆ.