ಕಂಕುಳಲ್ಲಿ ಕರಗಿದ ಎಣ್ಣೆ

ಹಲ್ಲು ಕಟಕಟ ಅನ್ನುವ ಚಳಿ ಕಣ್ರೀ. ಶೆಟ್ಟಿಕೆರೆ ಬಳಿಯ ನಮ್ಮ ಶಾಲೆಗೆ ಬೆಳಗಿನ ಬಿಡುವು. ಅಂಗಳದಲ್ಲಿ ಮಕ್ಕಳನ್ನು ಕಾಯುತ್ತಿದ್ದ ಮೇಷ್ಟ್ರು ನಾನು, ಕುಂಟೆಬಿಲ್ಲೆ ಆಡುವ ಹುಡುಗಿಯರು, ಗೋಡೆಗೊರಗಿ ನಿಂತ ಮಂಜಿ. ತೆಂಗಿನ ತೋಟಕ್ಕೆ ಗೊಬ್ಬರವಾಗಲೆಂದು ಕುರಿಮಂದೆ ನಿಲ್ಲಿಸಲು ಬಂದವರ ಮಗಳು ಅವಳು. ಬಂದಾಗಿನಿಂದ ಯಾರ ಜೊತೆಯೂ ಆಡಿರಲಿಲ್ಲ.

ಮೂರನೇ ಕ್ಲಾಸಿನ ಶಾರದೆಯೂ ಅವತ್ತು ಆಡದೆ, ಒಂದು ತೋಳನ್ನು ಮೈಗೆ ಬಿಗಿಯಾಗಿ ಒತ್ತಿಕೊಂಡು ನಿಂತಿದ್ದಳು.

“ಕಂಕುಳಲ್ಲಿ ಏನವ್ವ ಅದು?” ಅಂದೆ.

“ಕೊಬ್ರಿ ಎಣ್ಣೆ ಬಾಟ್ಲಿ ಸಾ. ಗಟ್ಟಿಯಾಗ್ಬುಟ್ಟೈತೆ, ಕರಗಿಸ್ತಿವ್ನಿ. ಮಂಜಿ ನಕ್ರೆ ತುಟಿ ಒಡ್ದು ರಕ್ತ ಬತ್ತೈತೆ. ಅದ್ಕೇ ಆಟಕ್ಕೆ ಬರಾಕಿಲ್ಲ ಅಂತಾಳೆ.”

“ಬಿಸಿಲಿಗಿಟ್ಟರೆ ಆಗದಾ?”

“ಬಿಸಿಲು ಬರಗಂಟ ಎಲ್ಲಿ ಬುಡ್ತೀರ ಸಾ, ಬೆಲ್ ಹೊಡೀತೀರಲ್ಲ.”

ಅವತ್ತು ಬೆಲ್ ತಡವಾಗಿಯೇ ಹೊಡೆದೆ. ಎಣ್ಣೆ ಕರಗಿತು. ಶಾರದೆ ಬೆರಳದ್ದಿ ಮಂಜಿಯ ತುಟಿಗೆ, ಒಡೆದ ಕೆನ್ನೆಗೆ ಮೆಲ್ಲಗೆ ಸವರಿ, ಕೈಹಿಡಿದು ಆಟಕ್ಕೆ ಕರೆದೊಯ್ದಳು.

ವಾರ ಕಳೆದು ಮಂದೆ ಹುಳಿಯಾರಿನ ಕಡೆ ಹೊರಟಿತು. ಶಾಲೆಯ ಗೇಟಿನ ಹತ್ತಿರ ಮಂಜಿ ತಾನು ಎತ್ತಿಕೊಂಡಿದ್ದ ಕುರಿಮರಿಯನ್ನು ಶಾರದೆಯ ತೋಳಿಗಿಟ್ಟಳು. ಕೊನೆಯ ಕುರಿ ದಾಟುವವರೆಗೂ ಶಾರದೆ ಅದನ್ನು ಎದೆಗವಚಿಕೊಂಡೇ ನಿಂತಿದ್ದು, ಆಮೇಲೆ ವಾಪಸು ಕೊಟ್ಟಳು.